ಕುರನೂರಿನ ಬೆಳಕಿಂಡಿಗೆ ಪ್ಲಾಸ್ಟಿಕ್ ಕಾಚ

ಆ ಸಲ ಮುಂಬಯಿಯಿಂದ ಗಾಜಿನ ಪೆಟ್ಟಿಗೆಗಳ ಜೊತೆ ಕಂದು ಕಾಗದ ಅಂಟಿಸಿದ ನಾಲ್ಕಾರು ಹಲಗೆಗಳೂ ನಮ್ಮ ಸೋಲಾಪುರದ ಅಂಗಡಿಗೆ ಬಂದವು. ಅಲ್ಲಿಯ ವ್ಯಾಪಾರಿ ಮಾದರಿಗೆಂದು ಕಳಿಸಿದ್ದ. ಕಾಗದದ ಮೂಲೆ ಸುಲಿದು ನೋಡಿದರೆ ಒಳಗೆ ತಿಳಿನೀರಿನಂಥ ಪ್ಲಾಸ್ಟಿಕ್. ನಮ್ಮ ಮಿಸ್ತ್ರಿ ಒಂದನ್ನು ಮೇಜಿನ ಮೇಲೆ ಹಾಕಿ, ಗಾಜು ಕೊರೆಯುವ ವಜ್ರದ ಕಣಿಯಿಂದ ಗೆರೆ ಎಳೆದು, ಎರಡೂ ಕೈಯಿಂದ ಮುರಿಯಲು ನೋಡಿದ. ಗಾಜಾಗಿದ್ದರೆ ಟಕ್ ಎಂದು ಎರಡು ಹೋಳಾಗುತ್ತಿತ್ತು. ಇದು ಬಾಗಿತು, ಕೈ ಬಿಟ್ಟ ಕೂಡಲೇ ಮತ್ತೆ ನೆಟ್ಟಗಾಯಿತು.

“ಇದು ಕಾಚ ಅಲ್ರಿ ಮಾಲಕ್, ರಬ್ಬರ್,” ಎಂದು ಮಿಸ್ತ್ರಿ ನಕ್ಕ. ನಮ್ಮ ಕಡೆ ಗಾಜಿಗೆ ಕಾಚ ಎನ್ನುತ್ತಾರೆ.

“ಅಟ್ಟದ ಮ್ಯಾಲೆ ಒಗಿ,” ಎಂದು ಮಾವನೂ ನಕ್ಕರು.

ನನಗೆ ನಗು ಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವಜ್ರಕ್ಕೆ ಬಗ್ಗದಿದ್ದರೆ ಅದಕ್ಕೆ ಬೇರೆ ಆಯುಧ ಬೇಕು, ಅಷ್ಟೇ ತಾನೆ? ಅಟ್ಟಕ್ಕೆ ಹೋಗಬೇಕಾದ ಹಲಗೆಗಳನ್ನು ಅಂಗಡಿಯ ಹಿಂದಿನ ನಮ್ಮ ಮನೆಗೆ ಒಯ್ದುಕೊಂಡೆ.

ನಾನು ಅಂಗಡಿಯಲ್ಲಿ ಕೂತದ್ದೇ ಆಗ ಒಂದು ರಗಳೆಯಾಗಿತ್ತು. ಮಾವನ ಕಣ್ಣಿನ ಆಪರೇಶನ್ ಆಗಿತ್ತು, ಗಂಡನಿಗೆ ಗಿರಣಿಯ ನೌಕರಿ, ಗಾದಿಯ ಮೇಲೆ ಕೂತು ವ್ಯಾಪಾರ ನೋಡಲು ಬೇರೆ ಯಾರೂ ಇರಲಿಲ್ಲ. ಹೀಗಾಗಿ ಸೊಸೆ ಕೂತಳು. ಮಾವನ ಕಣ್ಣು ನೆಟ್ಟಗಾದ ಮೇಲೆ ‘ಇನ್ನ ಒಳಗ ನಡಿ’ ಎನ್ನುವ ಮಾತು ದಿನವೂ ಅವರ ತುಟಿಯ ತನಕ ಬಂದು ನಿಲ್ಲುತ್ತಿತ್ತು. ಗಿರಾಕಿ ಬಾಗಿಲಲ್ಲಿ ಕಾಲಿಡುವಾಗಲೇ ಅವನಿಗೆ ಕನ್ನಡಿ ಬೇಕೋ ಕಿಡಕಿಯ ಗಾಜು ಬೇಕೋ ಎಂದು ನಾನು ಹೇಳುವಷ್ಟಾಗಿದ್ದೆ. ಆ ಗಾದಿ ಬಿಟ್ಟು ಒಲೆಯ ಮುಂದೆ ಹೋಗಿ ಕೂಡಲು ನನಗೆ ಖಂಡಿತ ಮನಸ್ಸಿರಲಿಲ್ಲ. ಬೇಕಾದರೆ ಇದನ್ನು ಸೊಕ್ಕು ಎನ್ನಿ.

ಬಂದ ಹಲಗೆಗಳು ಎಲ್ಲ ಒಂದೇ ಜಾತಿಯವಲ್ಲ ಎಂದು ಮೊದಲ ದಿನವೇ ತಿಳಿಯಿತು. ಒಂದನ್ನು ಬೆರಳಿನಿಂದ ತಟ್ಟಿದರೆ ತಗಡಿನಂತೆ ಟಣಟಣ ಎನ್ನುತ್ತಿತ್ತು. ಇನ್ನೊಂದು ಸ್ವಲ್ಪ ಹಳದಿ, ಮೆತ್ತಗೆ. ಮೂರನೆಯದು ತಟ್ಟಿದರೆ ಮಂದ ಸದ್ದು, ಅಂಚಿನಿಂದ ನೋಡಿದರೂ ಸ್ವಚ್ಛ. ಮೂರರ ಚೂರುಗಳನ್ನೂ ಇಕ್ಕಳದಲ್ಲಿ ಹಿಡಿದು ಹಿತ್ತಲಲ್ಲಿ ಕಡ್ಡಿ ಗೀರಿದೆ. ಟಣಟಣ ಎನ್ನುವುದು ಕಪ್ಪು ಮಸಿ ಕಾರುತ್ತ ಉರಿಯಿತು. ಆ ಮಸಿ ಎಳೆಎಳೆಯಾಗಿ ಹಾರಿ ಅತ್ತೆ ಒಣಗಿಸಿದ ಸೀರೆಯ ಮೇಲೆ ಕೂತಿತು. ಹಳದಿಯದು ಕಡ್ಡಿ ತೆಗೆದ ಕೂಡಲೇ ಆರಿ, ಗಂಟಲು ಕಟ್ಟುವ ಘಾಟು ಬಿಟ್ಟಿತು. ಮೂರನೆಯದು ಚಿಟಿಚಿಟಿ ಎನ್ನುತ್ತ ಸಣ್ಣಗೆ ಉರಿದು, ಕಳಿತ ಹಣ್ಣಿನ ವಾಸನೆ ಬೀರಿತು. ಅದಕ್ಕೆ ಅಕ್ರಿಲಿಕ್ ಎನ್ನುತ್ತಾರೆಂದು ಮುಂಬಯಿ ವ್ಯಾಪಾರಿ ಮುಂದೆ ಬಂದಾಗ ಹೇಳಿದ.

ಮೂರರ ತುಂಡುಗಳನ್ನೂ ನಮ್ಮ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟೆ. ಸೋಲಾಪುರದ ಬೇಸಿಗೆ ಯಾರಿಗೂ ಮುಲಾಜು ಮಾಡುವುದಿಲ್ಲ. ಮಳೆ ಬರುವಷ್ಟರಲ್ಲಿ ಟಣಟಣ ತುಂಡು ಹಳದಿಯಾಗಿ ಮುಟ್ಟಿದರೆ ಮುರಿಯುವಂತಾಗಿತ್ತು, ಮೆತ್ತನೆಯದು ಸೊಟ್ಟಗಾಗಿತ್ತು. ಅಕ್ರಿಲಿಕ್ ಇಟ್ಟ ಹಾಗೇ ಇತ್ತು. ಕಾಗದ ಸುಲಿಯದೆ ಇಟ್ಟಿದ್ದ ಮೂಲೆಯಲ್ಲಿ ಮಾತ್ರ ಅಂಟು ಬೆಂದು ಹೋಗಿ, ಕಿತ್ತರೂ ಬರಲಿಲ್ಲ. ಕಾಗದ ಕತ್ತರಿಸುವ ತನಕ ಇರಬೇಕು, ಬಿಸಿಲಿಗೆ ಹೋಗುವ ಮುಂಚೆ ತೆಗೆಯಬೇಕು ಎಂದು ಕಲಿತೆ.

ಮನೆಗೆ ಸಣ್ಣಪುಟ್ಟ ಕೆಲಸ ಮಾಡಿದೆ. ಪಾತ್ರೆ ಕಪಾಟಿಗೆ ಜಾರುಬಾಗಿಲು ಮಾಡಿದೆ. ಮುಂಜಾನೆ ಸರಾಗ ಸರಿಯುತ್ತಿದ್ದ ಬಾಗಿಲು ಬೇಸಿಗೆಯ ಮಧ್ಯಾಹ್ನ ಸಿಕ್ಕಿಕೊಳ್ಳುತ್ತಿತ್ತು, ಸಂಜೆ ಮತ್ತೆ ಸಡಿಲು. ಬಿಸಿಲಿಗೆ ಇದು ಗಾಜಿಗಿಂತ ಬಹಳ ಹಿಗ್ಗುತ್ತದೆ ಎಂದು ತಿಳಿದದ್ದು ಹಾಗೆ. ಗೋಡೆಯಲ್ಲಿದ್ದ ಅತ್ತೆಯ ದೇವರ ಮಾಡಕ್ಕೂ ಒಂದು ಮುಚ್ಚಳ ಮಾಡಿಕೊಟ್ಟೆ. ನಂದಾದೀಪದ ಕಾವಿಗೆ ಅದು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಮುರುಟಿತು. ಅತ್ತೆ ಎರಡು ದಿನ ನನ್ನ ಸಂಗಡ ಮಾತಾಡಲಿಲ್ಲ.

ದಸರೆ ಮುಗಿದ ಮೇಲೆ ಅಕ್ಕಲಕೋಟ ತಾಲೂಕಿನ ಕುರನೂರಿನಿಂದ ಒಬ್ಬ ಯಜಮಾನಿ ಮಗನನ್ನು ಕರೆದುಕೊಂಡು ಅಂಗಡಿಗೆ ಬಂದರು. ಹೊಲ, ದನ, ಆಳು ಎಲ್ಲ ಇದ್ದ ದೊಡ್ಡ ಮನೆ. ಆದರೆ ನಮ್ಮ ಕಡೆಯ ಮಣ್ಣಿನ ಚಪ್ಪಟೆ ಮಾಳಿಗೆಯ ಮನೆಗಳಲ್ಲಿ ಅಡುಗೆಮನೆಗೆ ಕಿಡಕಿ ಇರುವುದಿಲ್ಲ. ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ ಬಂದದ್ದೇ ಬೆಳಕು. ಆ ಬೆಳಕಿಂಡಿಯ ಗಾಜು ಒಡೆದಿತ್ತು.

“ಮೂರನೇ ಸರ್ತಿ ಒಡದೈತ್ರಿ,” ಎಂದರು ಯಜಮಾನಿ. “ಮೆಣಸಿನಕಾಯಿ ಒಣಹಾಕಾಕ ಮ್ಯಾಲೆ ಹೋದಾಕಿ ಕೈಯಾಗಿಂದು ಬುಟ್ಟಿ ಜಾರಿ ಬಿತ್ತು. ಕಾಚಿನ ಚೂರು ಹಿಟ್ಟಿನ ಪರಾತದಾಗ ಬಿದ್ದಾವ. ಯಾರ ಹೊಟ್ಟ್ಯಾಗ ಹೋಗ್ತಿದ್ದುವೋ ಏನೋ.”

“ತಗಡಿನ ಪತ್ರಾ ಹೊಡದೀನಿ, ಸಾಕು ಅಂದ್ರ ಕೇಳೂದಿಲ್ರಿ ಅವ್ವ,” ಎಂದ ಮಗ.

“ಪತ್ರಾ ಹೊಡದು ನೀ ಹೊಲಕ್ಕ ಹೋಗ್ತಿ. ಹಾಡಹಗಲಿ ಚಿಮಣಿ ಹಚ್ಚಿಕೊಂಡು ರೊಟ್ಟಿ ಬಡ್ಯಾಕಿ ನಾ.”

ಮಿಸ್ತ್ರಿ ನಡುವೆ ತಂತಿ ಇರುವ ಗಾಜು ತೋರಿಸಿದ. ಒಡೆದರೂ ಕೆಳಗೆ ಬೀಳುವುದಿಲ್ಲ ಎಂದ. “ಒಡದ ಕಾಚ ತಲಿ ಮ್ಯಾಲೆ ಜೋತು ಬಿದ್ದಿರಬೇಕು, ನಾ ಕೆಳಗ ಕುಂತು ರೊಟ್ಟಿ ಬಡೀಬೇಕು, ಹೌದಿಲ್ಲೊ?” ಎಂದರು ಯಜಮಾನಿ. ಮಿಸ್ತ್ರಿ ಆ ಗಾಜನ್ನು ಮತ್ತೆ ಗೋಡೆಗೆ ಆನಿಸಿಟ್ಟ.

ನಾನು ಒಳಗೆ ಹೋಗಿ ಅಕ್ರಿಲಿಕ್ಕಿನ ದಪ್ಪ ತುಂಡೊಂದನ್ನು ತಂದು ಎಲ್ಲರ ಎದುರಿಗೆ ನೆಲದ ಶಹಾಬಾದ ಫರಸಿಯ ಮೇಲೆ ಎತ್ತಿ ಒಗೆದೆ. ಗಾಜಿನ ಅಂಗಡಿಯಲ್ಲಿ ಹಾಗೆ ಯಾರೂ ಮಾಡಬಾರದು. ಮಾವ ಗಾದಿಯಿಂದ ಅರ್ಧ ಎದ್ದೇಬಿಟ್ಟರು. ತುಂಡು ಪುಟಿದು ಹೋಗಿ ಮಗನ ಚಪ್ಪಲಿಯ ಹತ್ತಿರ ಬಿತ್ತು. ಯಜಮಾನಿ ಅದನ್ನೆತ್ತಿ, ಕಣ್ಣಿಗೆ ಹಿಡಿದು ಬಾಗಿಲ ಕಡೆ ನೋಡಿದರು.

“ಇದ ಹಾಕ್ರಿ.”

“ಇದು ಕಾಚಿನ ಅಂಗಡಿ,” ಎಂದರು ಮಾವ, ನನ್ನನ್ನು ನೋಡುತ್ತ. “ಬಾಚಣಕಿ, ಬಕೀಟು ಮಾರೂ ಜಾಗಾ ಅಲ್ಲ. ನಾಳೆ ಸೊಟ್ಟ ಆತು, ಸೋರಿತು ಅಂದ್ರ ಯಾರ ಹೆಸರು ಹೋಗ್ತದ?”

“ನಂದು ಹೋಗ್ತದ್ರಿ.”

“ಹೌದಾ? ಸೂನಬಾಯಿ,” ಎಂದರು ಮಾವ; ಸೊಸೆಯನ್ನು ಮರಾಠಿಯಲ್ಲಿ ಹಾಗೆ ಕರೆಯುತ್ತಾರೆ. “ಇದು ಕೆಟ್ಟಿತಂದ್ರ ಗಾದಿ ಬಿಡ್ತಿಯೇನು?”

“ಬಿಡ್ತೀನ್ರಿ ಮಾವಾರ. ಕೆಡಲಿಲ್ಲಂದ್ರ ನನ್ನ ಎಬ್ಬಸೂ ಮಾತು ಯಾರೂ ಆಡಬಾರದು.”

ಮಾವ ಇಲ್ಲ ಎನ್ನಲೂ ಆಗದೆ, ಹೂಂ ಎನ್ನಲೂ ಆಗದೆ ಕೂತರು. “ಆತಲ್ರಿ, ನಾ ಸಾಕ್ಷಿ,” ಎಂದು ಯಜಮಾನಿ ಮಾತು ಮುಗಿಸಿದರು.

ಬೆಳಕಿಂಡಿ ಒಲೆಯ ಮೇಲಿಲ್ಲ, ರೊಟ್ಟಿ ಬಡಿಯುವ ಜಾಗದ ಮೇಲಿದೆ, ಉರಿ ದೂರ ಎಂದು ಕೇಳಿ ಖಾತ್ರಿ ಮಾಡಿಕೊಂಡೆ. ದೇವರ ಮಾಡದ ಪಾಠ ಮರೆತಿರಲಿಲ್ಲ. ಎರಡು ಸೂತಿನ ಹಲಗೆ ಆರಿಸಿದೆ. ಸೂತು ಎಂದರೆ ಅಂಗುಲದ ಎಂಟನೇ ಪಾಲು. ತೆಳುವಾದ ಒಂದು ಸೂತಿನದನ್ನು ಕತ್ತರಿಸುವುದು ನನಗೆ ಆಗಲೇ ಕೈಹತ್ತಿತ್ತು. ಮುರಿದ ಹ್ಯಾಕ್ಸಾ ಬ್ಲೇಡನ್ನು ಸಾಣೆಯವನ ಚಕ್ರಕ್ಕೆ ಹಿಡಿಸಿ ತುದಿಯನ್ನು ಕೊಕ್ಕೆ ಮಾಡಿಸಿದ್ದೆ. ಕಬ್ಬಿಣದ ಪಟ್ಟಿ ಒತ್ತಿಹಿಡಿದು, ಕಾಗದದ ಮೇಲಿಂದಲೇ ಆ ಕೊಕ್ಕೆಯನ್ನು ತನ್ನ ಕಡೆ ಎಳೆಯಬೇಕು. ಸಣ್ಣ ಸುರುಳಿ ಏಳುತ್ತದೆ. ಮತ್ತೆ ಎಳೆಯಬೇಕು, ಅದೇ ಗೆರೆಯಲ್ಲಿ, ಮೂರನೇ ಒಂದು ಪಾಲು ಆಳವಾಗುವ ತನಕ. ಆಮೇಲೆ ಗೆರೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಕೂಡಿಸಿ ಒಮ್ಮೆಲೇ ಒತ್ತಿದರೆ ನೆಟ್ಟಗೆ ಮುರಿಯುತ್ತದೆ.

ಎರಡು ಸೂತಿಗೆ ಈ ಆಟ ನಡೆಯಲಿಲ್ಲ. ಒತ್ತಿದಾಗ ಬಿರುಕು ಗೆರೆ ಬಿಟ್ಟು ಒಳಗೆ ಹರಿಯಿತು, ಒಂದು ಹಲಗೆಯ ಮೂಲೆ ಹೋಯಿತು. ಮಿಸ್ತ್ರಿ ಕೆಮ್ಮಿದ. ಹಲಗೆ ತಿರುಗಿಸಿಟ್ಟು ಸಣ್ಣ ಹಲ್ಲಿನ ಗರಗಸ ಹಿಡಿದೆ. ಜೋರು ಕೊಯ್ದರೆ ಕಾವಿಗೆ ಪ್ಲಾಸ್ಟಿಕ್ ಕರಗಿ, ಗರಗಸದ ಹಿಂದೆಯೇ ಸೀಳು ಮತ್ತೆ ಅಂಟಿಕೊಳ್ಳುತ್ತದೆ. ಸಬಕಾರದ ನೀರು ಹನಿಸುತ್ತ, ಗಡಿಬಿಡಿ ಮಾಡದೆ ಕೊಯ್ದೆ. ಮುಂಜಾನೆ ಹಿಡಿದವಳು ಊಟದ ಹೊತ್ತಿಗೆ ನಾಲ್ಕೂ ಕಡೆ ಮುಗಿಸಿದೆ. ಅಂಚನ್ನು ಅರದಿಂದ ಉಜ್ಜಿ, ಬೆರಳು ಆಡಿಸಿದರೆ ಎಲ್ಲೂ ತಾಗದಂತೆ ಮಾಡಿದೆ.

ಕೂಡಿಸಲು ನನ್ನನ್ನು ಕಳಿಸಲಿಲ್ಲ. ಗಿರಾಕಿಯ ಮಾಳಿಗೆಯನ್ನು ನಮ್ಮ ಮನೆಯ ಸೊಸೆ ಹತ್ತುವುದೇ ಎಂದು ಮಾವ ಮೂಗು ಮುರಿದರು. ಮಿಸ್ತ್ರಿ ಹೋದ. ಸುತ್ತಲೂ ಒಂದು ಸೂತು ಸಂದು ಬಿಡು, ಮೊಳೆ ಹೊಡೆಯಬೇಡ ಎಂದು ಅವನಿಗೆ ಹೇಳಿ ಕಳಿಸಿದೆ.

“ವೈನಿ, ಕಾಚ ಕೂಡಸ್ಕೋತ ನನ್ನ ತಲಿ ಬೆಳ್ಳಗಾಗ್ಯಾವ,” ಎಂದ ಅವನು. “ಸಂದು ಬಿಟ್ರ ನೀರು ಇಳೀತದ.”

ಚಳಿಗಾಲ ಸುದ್ದಿಯಿಲ್ಲದೆ ಕಳೆಯಿತು. ಯುಗಾದಿಯ ಪಾಡ್ಯ ಮುಗಿದು ಬಿಸಿಲು ಬಲಿತ ಮೇಲೆ ಒಂದು ದಿನ ಯಜಮಾನಿಯ ಮಗ ಚಾದರದಲ್ಲಿ ಸುತ್ತಿದ ಹಲಗೆ ಹೊತ್ತುಕೊಂಡು ಬಂದ. ಗಾದಿಯ ಮುಂದೆ ಅದನ್ನು ಬಿಚ್ಚಿಟ್ಟ.

“ನೋಡ್ರಿ ನಿಮ್ಮ ಪ್ಲಾಸ್ಟಿಕ್. ವಳಸಂಗದಿಂದ ಕುಂಭಾರಿ ತನಕ ಬಸ್ಸಿನಾಗ ಎಲ್ಲಾರೂ ಇದೇನು, ಇದೇನು ಅಂತ ಕೇಳ್ಯಾರ. ನನಗರೆ ಏನು ಗೊತ್ತು?”

ನಾಲ್ಕೂ ಮೂಲೆಯ ಮೊಳೆಯ ತೂತುಗಳಿಂದ ಬಿರುಕು ಎದ್ದಿತ್ತು. ಅದಕ್ಕಿಂತ ಕಣ್ಣಿಗೆ ಹೊಡೆದದ್ದು ಹಲಗೆಯ ಮುಖ. ತಿಳಿನೀರಿನಂತಿದ್ದದ್ದು ಮಜ್ಜಿಗೆಯಂತಾಗಿತ್ತು.

“ಇದನ್ನ ಯಾತರಲೆ ತಿಕ್ಕೀರಿ?” ಎಂದೆ.

“ಬೂದಿಲೆ. ಕಂದೀಲ ಕಾಚ ಯಾತರಲೆ ತಿಕ್ತಾರ? ಪಾಡ್ಯಾಕ ಮನಿ ಸಾರಸೂ ಮುಂದ ನನ್ನ ಹೇಂತಿ, ಅಣ್ಣನ ಹೇಂತಿ ಇಬ್ರೂ ಮಾಳಗಿ ಹತ್ತಿ ತಿಕ್ಯಾರ. ಹೊಳೀವಲ್ದು ಅಂತ ಇಟಂಗಿ ಪುಡಿ ಸೈತ ಹಾಕ್ಯಾರ.”

ನನಗೆ ನಗು ಬಂತು, ಅಳುವೂ ಬಂತು. ಪಾಪ, ಆ ಸೊಸೆಯಂದಿರ ತಪ್ಪೇನು? ಕಂದೀಲಿನ ಗಾಜನ್ನು ನಾವೆಲ್ಲ ಬೂದಿಯಿಂದಲೇ ತಿಕ್ಕಿ ಬೆಳೆದವರು. ಹಬ್ಬಕ್ಕೆಂದು ಅವರು ಇದಕ್ಕೆ ಇನ್ನಷ್ಟು ಉಪಚಾರ ಮಾಡಿದ್ದರು. ಬಿರುಕಿನ ಕಥೆ ಬೇರೆ. ಮಿಸ್ತ್ರಿ ಗಾಜಿಗೆ ಮಾಡುವ ಹಾಗೆ ಬಿಗಿಯಾಗಿ ಕೂಡಿಸಿ, ಸುತ್ತ ಪುಟ್ಟಿ ಮೆತ್ತಿ, ಮೊಳೆ ಜಡಿದಿದ್ದ. ಬಿಸಿಲಿಗೆ ಹಿಗ್ಗಿದ ಹಲಗೆಗೆ ಸರಿಯಲು ಜಾಗವಿಲ್ಲದೆ ಅದು ಉಬ್ಬಿ ಮೊಳೆಯ ಹತ್ತಿರ ಸೀಳಿತ್ತು. ಮಿಸ್ತ್ರಿ ನೆಲ ನೋಡುತ್ತ ನಿಂತಿದ್ದ.

“ಆತಲ್ಲ,” ಎಂದರು ಮಾವ. ಸಿಟ್ಟಿನಿಂದಲ್ಲ, ನಿರಾಳವಾಗಿ. ಅದೇ ನನಗೆ ಚುಚ್ಚಿತು. “ಮುಂಬಯಿಂದ ಆಮ್ಯಾಲೆ ಬಂದದ್ದು ಹೊಸಾದು ಒಂದು ಅಟ್ಟದ ಮ್ಯಾಲೈತಿ. ಅದನ್ನ ಕೊಟ್ಟು ಕಳಸೂಣು. ಏಳವಾ.”

ನಾನು ಏಳಲಿಲ್ಲ. ಮಗನನ್ನು ಕೇಳಿದೆ, “ಅಣ್ಣಾರ, ಹಿಟ್ಟಿನಾಗ ಚೂರು ಬಿತ್ತೇನ್ರಿ?”

“ಚೂರು ಬಿದ್ದಿಲ್ಲ. ಆದ್ರ ಬೆಳಕ ಇಲ್ಲಲ್ಲ?”

“ಕೆಟ್ಟದ್ದು ಶೀಟ್ ಅಲ್ರಿ ಮಾವಾರ, ಕೂಡಿಸಿದ್ದು ಕೆಟ್ಟೈತಿ. ಹೊಸಾದು ಬ್ಯಾಡ. ಇದನ್ನ ಮತ್ತ ನಾನ ಹೋಗಿ ಕೂಡಸ್ತೀನಿ. ಮಳಿಗಾಲ ಆದ ಮ್ಯಾಲೆ ಏಳು ಅನ್ರಿ.”

ಹೊಸದು ಒಯ್ದಿದ್ದರೆ ಕೆಲಸ ಸುಲಭವಾಗುತ್ತಿತ್ತು, ನಿಜ. ಆದರೆ ಹಳೆಯದು ಅಟ್ಟ ಸೇರಿದ ಕೂಡಲೇ ‘ಪ್ಲಾಸ್ಟಿಕ್ ಕೆಟ್ಟಿತು’ ಎನ್ನುವ ಮಾತು ನಮ್ಮ ಅಂಗಡಿಯಲ್ಲಿ ಕಾಯಮ್ ಆಗುತ್ತಿತ್ತು. ಎಲ್ಲರೂ ಕೆಟ್ಟಿತೆಂದ ಅದೇ ಶೀಟನ್ನೇ ನಾನು ಬೆಳಕಿಂಡಿಗೆ ಹಾಕಬೇಕಿತ್ತು. ಮಾವ ಕೈ ಝಾಡಿಸಿ ಎದ್ದು ಒಳಗೆ ಹೋದರು.

ಬಿರುಕು ಬಿಟ್ಟ ಅಂಚುಗಳನ್ನು ನಾಲ್ಕೂ ಕಡೆ ಗರಗಸದಿಂದ ಕೊಯ್ದು ತೆಗೆದೆ. ಶೀಟು ಸಣ್ಣದಾಯಿತು, ಅದಕ್ಕೆ ತಕ್ಕಂತೆ ಚೌಕಟ್ಟು ಹೊಸದಾಗಿ ಮಾಡಲು ಬಡಿಗನಿಗೆ ಹೇಳಿದೆ. ಆಮೇಲೆ ಮುಖ ತಿಳಿಯಾಗಿಸುವ ಕೆಲಸ. ಇಟ್ಟಿಗೆ ಪುಡಿಯ ಗೀರುಗಳು ಆಳವಾಗಿದ್ದವು. ಎಲ್ಲಕ್ಕಿಂತ ನುಣುಪಾದ ಪಾಲಿಶ್ ಕಾಗದವನ್ನು ನೀರಿನಲ್ಲಿ ಅದ್ದಿ ಮೊದಲು ಉಜ್ಜಿದೆ. ಇಡೀ ಶೀಟು ಇನ್ನೂ ಬೆಳ್ಳಗಾಯಿತು. ಆದರೆ ಈಗಿನದು ಒಂದೇ ಸಮನಾದ ಬಿಳುಪು, ಗೀರು ಕಾಣುತ್ತಿರಲಿಲ್ಲ. ಬಿಳಿ ಹಲ್ಲುಪುಡಿಯನ್ನು ನೀರಿನಲ್ಲಿ ಕಲಸಿ, ಮಾವನ ಹಳೆಯ ಧೋತರದ ಬಟ್ಟೆಯಿಂದ ಸುತ್ತುಸುತ್ತಾಗಿ ತಿಕ್ಕಲು ಹತ್ತಿದೆ. ಮನೆಗೆಲಸ ಮುಗಿದಾಗಲೆಲ್ಲ ತಿಕ್ಕಿದೆ. ತೋಳು ಸೋತು ಹೋದವು. ಮೂಲೆಯೊಂದರಲ್ಲಿ ಮೊದಲು ನನ್ನ ಬಳೆಯ ಬಣ್ಣ ಕಂಡಿತು, ಆಮೇಲೆ ಬಳೆಯೇ ಕಂಡಿತು.

“ನನ್ನ ಹಿತ್ತಾಳಿ ಭಾಂಡಿ ಹಿಂಗ ತಿಕ್ಕಿದ್ರ ಬಂಗಾರ ಆಗ್ತಿದ್ದುವು,” ಎಂದರು ಅತ್ತೆ. ಎಂದವರು ಇನ್ನೊಂದು ಬಟ್ಟೆ ಹರಿದುಕೊಂಡು ಎದುರಿಗೆ ಕೂತು ತಾವೂ ತಿಕ್ಕತೊಡಗಿದರು. ನಾನು ತಲೆ ಎತ್ತದೆ ತಿಕ್ಕುತ್ತಲೇ ಇದ್ದೆ. ಮಾತಾಡಿದರೆ ಎದ್ದುಬಿಟ್ಟಾರು ಎಂಬ ಹೆದರಿಕೆ.

ಕುರನೂರಿಗೆ ನನ್ನ ಸಂಗಡ ಬಂದವರೂ ಅವರೇ. “ಅಕ್ಕಲಕೋಟದಾಗ ಸ್ವಾಮಿ ದರ್ಶನ ಆಗ್ತದ, ನಾನೂ ಹೋಗ್ತೀನಿ,” ಎಂದು ಮಾವನಿಗೆ ಹೇಳಿದರು. ದರ್ಶನಕ್ಕೆ ಮಾವ ಬೇಡ ಎನ್ನುವ ಹಾಗಿಲ್ಲ. ಚೌಕಟ್ಟು ಬಸ್ಸಿನ ತಲೆಯ ಮೇಲೆ, ಶೀಟು ನಮ್ಮಿಬ್ಬರ ತೊಡೆಯ ಮೇಲೆ.

ಮಳೆಗೆ ಮುಂಚೆ ಮಾಳಿಗೆಗೆ ಹೊಸ ಬಿಳಿಮಣ್ಣು ಹಾಕುವ ಕಾಲ ಅದು. ಇಬ್ಬರು ಆಳುಗಳು ಮೇಲೆ ಮಣ್ಣು ಹರಡುತ್ತಿದ್ದರು. ನಾನು ಸೆರಗು ಸಿಕ್ಕಿಸಿ ಏಣಿಗೆ ಕಾಲಿಟ್ಟಾಗ ಮಗ ಗೊಣಗಿದ, “ಗಂಡಸ್ರು ಯಾರೂ ಬರಲಿಲ್ಲೇನ್ರಿ?”

“ಗಂಡಸ್ರು ಬಂದು ಮಾಡಿದ್ದು ನೋಡಿದೆಲ್ಲೊ?” ಎಂದರು ಯಜಮಾನಿ. “ಏಣಿ ಹಿಡಿ.”

ಬೆಳಕಿಂಡಿಯ ಸುತ್ತ ಒಂದು ಇಟ್ಟಿಗೆಯ ಎತ್ತರ ಕಟ್ಟೆ ಕಟ್ಟಿಸಿದೆ, ಒಂದು ಕಡೆ ಸ್ವಲ್ಪ ಇಳಿಜಾರು ಬಿಟ್ಟು. ಅದರ ಮೇಲೆ ಚೌಕಟ್ಟು. ಚೌಕಟ್ಟಿನ ಒಳ ಅಂಚಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಹಾಸಿ, ಶೀಟನ್ನು ಬರೀ ಇಟ್ಟೆ. ಸುತ್ತಲೂ ಒಂದು ಸೂತು ಸಂದು. ಮೇಲೆ ಮತ್ತೆ ಟ್ಯೂಬು, ಅದರ ಮೇಲೆ ಕಟ್ಟಿಗೆಯ ಪಟ್ಟಿ. ಸ್ಕ್ರೂ ಎಲ್ಲ ಕಟ್ಟಿಗೆಗೆ ಕಟ್ಟಿಗೆ. ಶೀಟಿಗೆ ಒಂದೂ ತೂತಿಲ್ಲ. ಬೆರಳಿನಿಂದ ದೂಡಿದರೆ ಕೂದಲೆಳೆಯಷ್ಟು ಸರಿಯುತ್ತಿತ್ತು. ಅದು ಸರಿಯಬೇಕು. ಸರಿಯಲು ಬಿಡದೇ ಇದ್ದದ್ದಕ್ಕೇ ಅದು ಒಡೆದದ್ದು.

“ಅಲುಗಾಡಾಕತ್ತೈತಲ್ಲ!” ಎಂದ ಮಗ.

“ಕಲ್ಲು ತಗೊಂಡು ಒಗೀರಿ, ನೋಡೂಣು.”

ಅವನು ತಾಯಿಯ ಮುಖ ನೋಡಿದ. ತಾಯಿ ತಲೆಯಾಡಿಸಿದರು. ಮುಷ್ಟಿಗಾತ್ರದ ಕಲ್ಲನ್ನು ಎದೆಯೆತ್ತರದಿಂದ ಬಿಟ್ಟ. ಧಬ್ ಎಂದು ಬಿದ್ದು, ಪುಟಿದು, ಹಸಿ ಬಿಳಿಮಣ್ಣಿನಲ್ಲಿ ಹೂತಿತು. ಶೀಟಿನ ಮೇಲೆ ಉಗುರಿನಷ್ಟು ಗೀರು, ಮತ್ತೇನಿಲ್ಲ. ಕೆಳಗಿನಿಂದ ಸೊಸೆಯೊಬ್ಬಳು, “ಅತ್ತೀ, ಹಿಟ್ಟು ಕಾಣಾಕತ್ತೈತ್ರಿ!” ಎಂದು ಕೂಗಿದಳು.

ಇಳಿಯುವ ಮುಂಚೆ ಸೊಸೆಯಂದಿರಿಬ್ಬರನ್ನೂ ಮೇಲೆ ಕರೆದು ಹೇಳಿದೆ: ಬೂದಿ ಬೇಡ, ಮೊದಲು ಒಂದು ತಂಬಿಗೆ ನೀರು ಸುರಿದು ಧೂಳು ಹರಿಯಬಿಡಿ, ಆಮೇಲೆ ಮೆತ್ತನೆ ಬಟ್ಟೆ. “ತಿಕ್ಕಲಿಲ್ಲಂದ್ರ ಸ್ವಚ್ಛ ಆಗೈತಂತ ಹೆಂಗ ಗೊತ್ತಾಗಬೇಕ್ರಿ?” ಎಂದಳು ಕಿರಿಯವಳು. ನಮ್ಮ ಹೆಂಗಸರ ಜನ್ಮವೇ ಈ ಪ್ರಶ್ನೆಯಲ್ಲಿತ್ತು. ತಂಬಿಗೆಯನ್ನು ಅವಳ ಕೈಗೆ ಕೊಟ್ಟು ಒಮ್ಮೆ ನೀರು ಸುರಿಸಿದೆ.

ಆ ವರ್ಷ ಮಳೆ ಚೆನ್ನಾಗಿಯೇ ಹೊಡೆಯಿತು. ಮೋಡ ಕವಿದಾಗಲೆಲ್ಲ ನಾನು ಅಂಗಡಿಯ ಮೆಟ್ಟಿಲಿಗೆ ಬಂದು ಅಕ್ಕಲಕೋಟದ ದಿಕ್ಕು ನೋಡುತ್ತಿದ್ದೆ. ನೋಡಿದರೆ ಏನು ಕಾಣುತ್ತದೆ? ಆದರೂ ನೋಡುತ್ತಿದ್ದೆ. ಶ್ರಾವಣದಲ್ಲಿ ಯಜಮಾನಿ ತಾವೇ ಬಂದರು. ಮಾವನ ಎದುರಿಗೆ ನಿಂತು, “ಒಂದು ಹನಿ ಇಳಿದಿಲ್ರಿ. ಚಿಮಣಿ ಮೂಲಿಗೆ ಒಗದೀನಿ,” ಎಂದರು. ಮಾವ ಅಡ್ಡಡ್ಡ ಪ್ರಶ್ನೆ ಹಾಕಿ ಕೇಳಿದರು. ಪುಟ್ಟಿ ಇಲ್ಲದೆ ಹೇಗೆ, ಗಾಳಿ ಬಂದಾಗ ಹೇಗೆ ಎಂದು. ಎಲ್ಲಕ್ಕೂ ಅವರು, “ಹನಿ ಇಳಿದಿಲ್ಲಂದೆಲ್ರಿ,” ಎಂದರು. ಮಾವ ಚಹಾ ತರಿಸಿದರು. ಗಾದಿಯ ಮಾತು ಯಾರೂ ಎತ್ತಲಿಲ್ಲ.

ಸಂಜೆ ಅಂಗಡಿ ಮುಚ್ಚುವಾಗ ಮಾವ ನನ್ನತ್ತ ನೋಡದೆ ಹೇಳಿದರು, “ನಾಳೆ ಮಗಳ ಮನಿ ಬೀಗರು ಬರ್ತಾರ, ಟೇಬಲ್ಲಿನ ಮ್ಯಾಲೆ ಹಾಕಾಕ ಏನೋ ಬೇಕಂತ. ನಾಳೆ ಒಂದಿನ ಒಳಗ ಇರು. ನಾಲ್ಕು ಮಂದಿಗೆ ಚೊಲೊ ಕಾಣೂದಿಲ್ಲ.”

ಒಂದು ದಿನ. ಆ ಒಂದು ದಿನ ಎಷ್ಟು ಉದ್ದ ಬೆಳೆಯುತ್ತದೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಮರುದಿನ ಎಂದಿಗಿಂತ ಮುಂಚೆ ಬಂದು ಗಾದಿಯ ಮೇಲೆ ಕೂತೆ. ಬೀಗರು ಬಂದರು. ನನ್ನನ್ನು ಕಂಡು ಬಾಗಿಲಲ್ಲೇ ತಡೆದು ನಿಂತರು. ಸೊಸೆ ಎದ್ದು ಸೆರಗು ಹೊದ್ದು ಒಳಗೆ ಹೋಗುತ್ತಾಳೆಂದು ಮಾವ, ಬೀಗರು ಇಬ್ಬರೂ ಕಾದರು. ಅವರ ಕಾಲಿಗೆ ನಮಸ್ಕಾರ ಮಾಡಲು ಎದ್ದೆ, ಮಾಡಿದೆ, ಮತ್ತೆ ಬಂದು ಅಲ್ಲೇ ಕೂತೆ. ಮಾವನ ಮುಖ ಕೆಂಪಾಯಿತು. ಅವರು ನನ್ನನ್ನು ನೋಡಿದರು, ನಾನೂ ನೋಡಿದೆ. ಆಮೇಲೆ ಗಿರಾಕಿಗಳು ಕೂಡುವ ಬಾಕಿನ ಮೇಲೆ, ಬೀಗರ ಪಕ್ಕದಲ್ಲಿ ಅವರು ಕೂತುಬಿಟ್ಟರು.

“ಪ್ಲಾಸ್ಟಿಕ್ ಬೇಕಾದ್ರ ಆಕೀನ ಕೇಳ್ರಿ,” ಎಂದರು ಒರಟಾಗಿ. “ಕಾಚ ಬೇಕಾದ್ರ ನನ್ನ ಕೇಳ್ರಿ.”

“ಕಾಚ ಬೇಕಾದ್ರೂ ನನ್ನ ಕೇಳ್ರಿ,” ಎಂದೆ ನಾನು.

ಬೀಗರು ಮಾವನ ಮುಖ ನೋಡಿದರು. ಮಾವ ಬೀದಿ ನೋಡುತ್ತಿದ್ದರು. ಬೀಗರು ನನ್ನ ಕಡೆ ತಿರುಗಿ ಟೇಬಲ್ಲಿನ ಅಳತೆ ಹೇಳಿದರು.